ಕೆಟ್ಟ ತೋಟೆಯಲ್ಲಿ ಉಳಿಯುವುದೇನು?

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿಯ ಸೀಮೆಯಲ್ಲಿ ಬೆಳೆಗಾವಲಿಗೆಂದು ಪರವಾನಿಗೆಯ 12ರ ಕೋವಿಯನ್ನಿರಿಸಿಕೊಂಡವನೊಬ್ಬನ ಬಳಿ, ಮರಳಿ ತುಂಬಿದ ತೋಟೆಯೊಂದು ಕೆಟ್ಟಿತೆನ್ನೋಣ. (ನಳಿಗೆಯ ಅಗಲದ 12 ಸೀಸದ ಗುಂಡುಗಳು ಒಂದು ಪೌಂಡು ತೂಗುವುವೆಂಬುದೇ ಆ ಹೆಸರಿನ ಮೂಲ.) ಮದ್ದಿನ ಅಳತೆ ತಪ್ಪಿರಬಹುದು, ಮಳೆಗಾಲದ ತೇವಕ್ಕೆ ಕಾಗದದ ಕೊಳವೆ ಉಬ್ಬಿರಬಹುದು. ಹಾರಿಸಿ ತೀರಿಸುವುದು ಅವಿವೇಕ. ಮದ್ದು ಕಡಿಮೆಯಾದರೆ ಒಳಗಿನ ಬಿಲ್ಲೆ ನಳಿಗೆಯಲ್ಲಿಯೇ ಸಿಕ್ಕಿ, ಮುಂದಿನ ಈಡು ನಳಿಗೆಯನ್ನೇ ಸೀಳೀತು.

ಬಿಚ್ಚಿದರೆ ದೊರೆಯುವುದೇನು? ಬುಡದಲ್ಲಿ ಕೇಪು, ಅದರ ಮೇಲೆ ಮದ್ದು, ನಡುವೆ ರಟ್ಟಿನ ಇಲ್ಲವೆ ಉಣ್ಣೆಯ ಬಿಲ್ಲೆ, ತುದಿಯಲ್ಲಿ ಸೀಸದ ಚರೆ. ಚರೆಗೆ ಮುಪ್ಪಿಲ್ಲ; ಮುಟ್ಟಿದ ಕೈಯನ್ನು ತೊಳೆದುಕೊಳ್ಳಬೇಕು, ಅಷ್ಟೆ. ಹರಿಯದ ಬಿಲ್ಲೆಯೂ ಲಾಭವೇ. ಮದ್ದಿನ ಮಾತು ಬೇರೆ. ಕರಿಮದ್ದಿಗೂ ಹೊಗೆಯಿಲ್ಲದ ಮದ್ದಿಗೂ ಬಲದಲ್ಲಿ ಬಹಳ ಅಂತರ. ಹೊಗೆಯಿಲ್ಲದವುಗಳಲ್ಲಿಯೂ ಒಂದರಂತೆ ಇನ್ನೊಂದಿಲ್ಲ. ಕಣ್ಣಿನಿಂದಲೇ ಗುರುತಿಸುವೆನೆಂಬವನ ಧೈರ್ಯವನ್ನು ನಾನು ಮೆಚ್ಚಲಾರೆ. ಯಾವ ಡಬ್ಬಿಯದೆಂದು ತಿಳಿಯದ ಮದ್ದು ತ್ಯಾಜ್ಯ.

ಮದ್ದು ಸುರಿದ ಮೇಲೂ ಕೇಪು ಜೀವಂತವೇ. ಬಡಿದು ತೆಗೆಯಹೋದರೆ ಕಣ್ಣಿಗೆ ಸಿಡಿದೀತು. ಎಣ್ಣೆಯಲ್ಲಿ ನೆನೆಸಿದರೆ ಅದು ಸಾಯುವುದೆಂಬ ನಂಬಿಕೆಗೆ ಭರವಸೆಯಿಲ್ಲ. 1959ರ ಆಯುಧ ಕಾಯಿದೆಯು ತೋಟೆಯ ತಯಾರಿಕೆಗೂ ಪರವಾನಿಗೆಯನ್ನು ಬೇಡುತ್ತದೆ. ಆದುದರಿಂದ ಇಂತಹ ತೋಟೆಯನ್ನು ಬಿಚ್ಚುವ ಕೆಲಸವೂ ಪರವಾನಿಗೆಯುಳ್ಳ ಕೋವಿಯ ವ್ಯಾಪಾರಿಗೆ ಸೇರತಕ್ಕದ್ದು.