ಚಳಿಗಾಲದ ಹವಾಮಾನ ಮತ್ತು ಅಡಿಕೆಯ ಅಂಗಳ
ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಕೃಷಿಕರಿಗೆ ಕೆಲವು ಸಲಹೆಗಳು

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ದಕ್ಷಿಣ ಕನ್ನಡದ ಒಳನಾಡಿನಲ್ಲಿ ಮಳೆಗಾಲಕ್ಕೆ ಸಿದ್ಧತೆ ಮಾಡಿಕೊಳ್ಳಲು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ತೋಟದ ಕಣಿ ಬಿಡಿಸುವುದು, ಸೌದೆ ಮತ್ತು ಬೈಹುಲ್ಲಿನ ಸಂಗ್ರಹ, ಇವೆಲ್ಲ ಕಾಲಕಾಲಕ್ಕೆ ನಡೆಯುತ್ತವೆ. ಆದರೆ ತುಳುವರ ಜಾರ್ದೆ, ಪೆರಾರ್ದೆ, ಪುಯಿಂತೆಲ್ ತಿಂಗಳುಗಳಲ್ಲಿ, ಎಂದರೆ ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ, ಆಕಾಶ ತಿಳಿಯಾಗಿರುತ್ತದೆಂಬ ನಂಬಿಕೆಯಿಂದ ಎಚ್ಚರ ಸಡಿಲವಾಗುತ್ತದೆ. ವರ್ಷದ ಫಸಲಿನ ಬಹುಭಾಗ ಅಂಗಳದಲ್ಲಿ ಹರಡಿರುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲದ ನೂರು ಮಿಲಿಮೀಟರ್ ಮಳೆ ಮಾಡದ ನಷ್ಟವನ್ನು ಈ ಕಾಲದ ಹತ್ತು ಮಿಲಿಮೀಟರ್ ಮಳೆ ಒಂದೇ ರಾತ್ರಿಯಲ್ಲಿ ಮಾಡಬಲ್ಲದು.

ಇಲ್ಲಿ ಹಿಮದ ಭಯವಿಲ್ಲ, ಏಕೆ?

ನೀಲಗಿರಿಯ ಉದಕಮಂಡಲದಂತಹ ಎತ್ತರದ ಸ್ಥಳಗಳಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಎಲೆಗಳ ಮೇಲೆ ಹಿಮ ಕಟ್ಟಿ ಚಹಾ ಹಾಗೂ ತರಕಾರಿ ಬೆಳೆಗಳು ಸುಟ್ಟಂತಾಗುವುದುಂಟು. ಎಲೆಯ ಮೇಲ್ಮೈ ಸೊನ್ನೆ ಡಿಗ್ರಿಗೆ ಇಳಿದಾಗ ಮಾತ್ರ ಹೀಗಾಗುತ್ತದೆ. ಬಯಲುಸೀಮೆಯ ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೂ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡ್ (1884ರ ಜನವರಿ 13). ಮಂಗಳೂರು ಸುತ್ತಿನಲ್ಲಿ ಜನವರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಇರುತ್ತದೆ.

ಸಮುದ್ರ ಹತ್ತಿರವಿರುವುದು ಇದಕ್ಕೆ ಒಂದು ಕಾರಣ. ಗಾಳಿಯಲ್ಲಿರುವ ತೇವಾಂಶ ಇನ್ನೊಂದು ಕಾರಣ. ರಾತ್ರಿ ನೆಲ ಮತ್ತು ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತವೆ. ಗಾಳಿಯ ಆವಿ ಅವುಗಳ ಮೇಲೆ ಇಬ್ಬನಿಯಾಗಿ ಕೂಡುತ್ತದೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 600 ಕ್ಯಾಲೊರಿ ಶಾಖ ಹೊರಬೀಳುತ್ತದೆ. ಈ ಶಾಖವೇ ಎಲೆ ಇನ್ನಷ್ಟು ತಣ್ಣಗಾಗದಂತೆ ತಡೆಯುತ್ತದೆ. ಹೀಗೆ ಇಬ್ಬನಿಯು ಈ ಸೀಮೆಯ ಬೆಳೆಗಳಿಗೆ ರಾತ್ರಿಯ ಹೊದಿಕೆ ಎನ್ನಬಹುದು. ಆದರೆ ಅದೇ ಇಬ್ಬನಿ ಎಲೆ ಮತ್ತು ಹೂಗಳನ್ನು ಬೆಳಗಿನ ತನಕ ಒದ್ದೆಯಾಗಿ ಇಡುವುದರಿಂದ ಶಿಲೀಂಧ್ರ ರೋಗಗಳಿಗೂ ಅನುಕೂಲವಾಗುತ್ತದೆ.

ಮೂರು ತಾಲೂಕುಗಳಲ್ಲಿ ಚಳಿ ಒಂದೇ ಸಮನಾಗಿರುವುದಿಲ್ಲ. ಬೆಳ್ತಂಗಡಿಯ ಚಾರ್ಮಾಡಿ, ನೆರಿಯ, ದಿಡುಪೆಗಳಂತಹ ಘಟ್ಟದ ಬುಡದ ಊರುಗಳಲ್ಲಿ ರಾತ್ರಿ ತಣ್ಣಗಾದ ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಕೆಳಗೆ ಹರಿದು ಕಣಿವೆಯ ತೋಟಗಳಲ್ಲಿ ನಿಲ್ಲುತ್ತದೆ. ಗುಡ್ಡದ ಮೇಲಿನ ಮನೆಗಿಂತ ಕೆಳಗಿನ ತೋಟದಲ್ಲಿ ಚಳಿ ಹೆಚ್ಚೆಂಬುದು ಎಲ್ಲರ ಅನುಭವ. ಮೂಡುಬಿದಿರೆಯ ಮುರಕಲ್ಲಿನ ಎತ್ತರದ ಬಯಲುಗಳಲ್ಲಿ ಗಾಳಿಯಾಡುವುದರಿಂದ ಇಬ್ಬನಿ ಬೇಗ ಆರುತ್ತದೆ. ಬಂಟ್ವಾಳದ ನೇತ್ರಾವತಿ ದಂಡೆಯ ತಗ್ಗಿನಲ್ಲಿ ಬೆಳಗಿನ ಮಂಜು ತಡವಾಗಿ ಕರಗುತ್ತದೆ. ಆದ್ದರಿಂದ ಅಡಿಕೆ ಒಣಗಿಸುವ ಅಂಗಳ ತಗ್ಗಿನಲ್ಲಿರುವುದಕ್ಕಿಂತ ಗುಡ್ಡದ ಬದಿಯ ಎತ್ತರದಲ್ಲಿರುವುದು ಮೇಲು.

ಅಕಾಲದ ಮಳೆ ಬರುವುದೆಲ್ಲಿಂದ?

ಅಕ್ಟೋಬರದಿಂದ ಡಿಸೆಂಬರದವರೆಗೆ ಕರಾವಳಿಗೆ ಬರುವ ಮಳೆ ಸುಮಾರು 250 ಮಿ.ಮೀ. ಇದರಲ್ಲಿ ಹೆಚ್ಚಿನ ಪಾಲು ಅಕ್ಟೋಬರದಲ್ಲಿಯೇ ಬೀಳುತ್ತದೆ. ಜನವರಿಯ ಸರಾಸರಿ ಮಳೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದರೆ ಸರಾಸರಿಯನ್ನು ನಂಬಿ ಕುಳಿತವರು ಮೋಸಹೋಗುತ್ತಾರೆ. ಏಕೆಂದರೆ ಹಲವು ವರ್ಷ ಒಂದು ಹನಿಯೂ ಬೀಳದೆ, ಒಂದು ವರ್ಷ ಎರಡು ದಿನ ಬಿಡದೆ ಸುರಿದರೂ ಸರಾಸರಿ ಅಲ್ಪವಾಗಿಯೇ ಉಳಿಯುತ್ತದೆ.

ಈ ಕಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಪಶ್ಚಿಮಕ್ಕೆ ಸಾಗುತ್ತವೆ. ಹೆಚ್ಚಿನವು ತಮಿಳುನಾಡಿನ ಆಚೆಗೆ ಬಲಗುಂದುತ್ತವೆ. ಕೆಲವು ಮಾತ್ರ ದಕ್ಷಿಣದ ತುದಿಯನ್ನು ದಾಟಿ ಲಕ್ಷದ್ವೀಪದ ಬಳಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತವೆ. ಆಗ ಘಟ್ಟದ ಕಡೆಯಿಂದ ಬೀಸುತ್ತಿದ್ದ ಒಣಗಾಳಿಯ ಬದಲು ದಕ್ಷಿಣದ ತೇವಗಾಳಿ ಕರಾವಳಿಗೆ ನುಗ್ಗಿ ಮಳೆ ಬರುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತ ಇದೇ ಹಾದಿಯಲ್ಲಿ ಲಕ್ಷದ್ವೀಪವನ್ನು ದಾಟಿ ಹೋಯಿತು. 2021ರ ಜನವರಿಯ ಮೊದಲ ಭಾಗದಲ್ಲಿ ಕರಾವಳಿ ಮತ್ತು ಮಲೆನಾಡಿಗೆ ಮಳೆ ಬಂದು ಅಡಿಕೆ, ಕಾಫಿ, ಭತ್ತ ಬೆಳೆದವರೆಲ್ಲರೂ ತೊಂದರೆಪಟ್ಟರು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ ಒಳನಾಡನ್ನು ದಾಟಿ ಡಿಸೆಂಬರ್ ಮೊದಲ ವಾರದಲ್ಲಿ ದಕ್ಷಿಣ ಕನ್ನಡಕ್ಕೆ ಜೋರು ಮಳೆ ತಂದಿತು.

ಈ ಕೊನೆಯ ಉದಾಹರಣೆಯಿಂದ ಒಂದು ಪಾಠವಿದೆ. ಪೂರ್ವ ಕರಾವಳಿಯಲ್ಲಿ ಚಂಡಮಾರುತ ದಡ ಸೇರಿದ ಸುದ್ದಿ ಬಂದ ಮೇಲೂ ಇಲ್ಲಿ ಅಂಗಳ ಸರಿಪಡಿಸಿಕೊಳ್ಳಲು ಎರಡು ಮೂರು ದಿನಗಳ ಅವಕಾಶ ಇರುತ್ತದೆ. ಚೆನ್ನೈ ಮತ್ತು ಪುದುಚೇರಿಯ ಸುದ್ದಿ ದೂರದ್ದೆಂದು ಬಿಡಬಾರದು.

ಮಳೆಯ ಸುಳಿವನ್ನು ತಿಳಿಯುವ ಬಗೆ

ಹವಾಮಾನ ಇಲಾಖೆಯು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಲ್ಲಿ ಎಚ್ಚರಿಕೆ ನೀಡುತ್ತದೆ. ಇಲ್ಲಿ ಅಡಿಕೆ ಬೆಳೆಗಾರರು ಒಂದು ಅಂಶವನ್ನು ಗಮನಿಸಬೇಕು. ಹಳದಿ ಎಚ್ಚರಿಕೆ ಸಾಮಾನ್ಯವಾಗಿ 24 ಗಂಟೆಗಳಲ್ಲಿ 64.5 ಮಿ.ಮೀ.ಗಿಂತ ಹೆಚ್ಚು ಮಳೆಯ ಸಂಭವವಿದ್ದಾಗ ಬರುತ್ತದೆ. ಇಲಾಖೆಯ ಭಾಷೆಯಲ್ಲಿ 2.5ರಿಂದ 15.5 ಮಿ.ಮೀ. ಮಳೆ ಎಂದರೆ 'ಹಗುರ ಮಳೆ'. ಅದಕ್ಕೆ ಯಾವ ಬಣ್ಣದ ಎಚ್ಚರಿಕೆಯೂ ಇರುವುದಿಲ್ಲ. ಆದರೆ ಐದು ಸೆಂಟ್ಸ್ ಅಂಗಳದ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 2,000 ಲೀಟರ್ ನೀರು! ಹಾಗಾಗಿ ನದಿಯ ನೆರೆಗೆ ಮಾಡಿದ ಬಣ್ಣಗಳಿಂದ ಅಡಿಕೆಯ ಅಂಗಳವನ್ನು ಅಳೆಯಬಾರದು. ಮುನ್ಸೂಚನೆಯಲ್ಲಿ 'ಹಗುರ ಮಳೆ' ಎಂದಿದ್ದರೂ ಅಂಗಳದವರಿಗೆ ಅದು ಕೆಂಪು ಎಚ್ಚರಿಕೆಯೇ ಸರಿ.

ಐದು ದಿನಗಳ ಮುನ್ಸೂಚನೆಯನ್ನು ಒಳಗೊಂಡ ಕೃಷಿ ಹವಾಮಾನ ಸಲಹೆಯು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಬರುತ್ತದೆ. ಅದನ್ನು ಮೊಬೈಲಿನ 'ಮೇಘದೂತ್' ಆ್ಯಪ್‌ನಲ್ಲಿ ನೋಡಬಹುದು.

ಇದರೊಂದಿಗೆ ಮನೆಯಂಗಳದಲ್ಲೇ ಕಾಣುವ ಒಂದು ಲಕ್ಷಣವಿದೆ. ಕೆಲವು ದಿನ ಸತತವಾಗಿ ಬೀಳುತ್ತಿದ್ದ ಇಬ್ಬನಿ ಒಂದು ಬೆಳಗ್ಗೆ ಬೀಳದಿದ್ದರೆ ಕಾರಣ ಹುಡುಕಬೇಕು. ರಾತ್ರಿ ಚಳಿಯಿದ್ದು, ಮೂಡಣದಿಂದ ಒಣಗಾಳಿ ಬೀಸಿ, ತುಟಿ ಮತ್ತು ಹಿಮ್ಮಡಿ ಒಡೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಅಡಿಕೆ ಬೇಗ ಒಣಗುತ್ತದೆ. ಆದರೆ ಗಾಳಿ ನಿಂತು, ರಾತ್ರಿ ಸೆಕೆಯೆನಿಸಿ, ಆಕಾಶದಲ್ಲಿ ತೆಳುಮೋಡ ಹರಡಿದ್ದರೆ ನೆಲದ ಶಾಖ ಮೇಲೆ ಹೋಗದಂತೆ ಮೋಡ ತಡೆದಿದೆ ಎಂದರ್ಥ. ಅದರ ಹಿಂದೆಯೇ ತೇವಗಾಳಿ ಇರುವುದು ಸಾಮಾನ್ಯ. ಆ ದಿನ ಮುನ್ಸೂಚನೆಯನ್ನು ನೋಡದೆ ಹೊಸ ಗೊನೆ ಕೊಯ್ಯಿಸಬಾರದು.

ಅಂಗಳದ ಅಡಿಕೆ

ಹಣ್ಣಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಚಾಲಿಗಾಗಿ ಅದನ್ನು ಒಂದೇ ಪದರವಾಗಿ ಹರಡಿ, ಆಗಾಗ ಮಗುಚಿ, 35ರಿಂದ 45 ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ಇಷ್ಟು ದೀರ್ಘ ಅವಧಿಯಲ್ಲಿ ಒಂದೆರಡು ಬಾರಿ ಮೋಡ ಕವಿಯುವ ಸಂಭವ ಇದ್ದೇ ಇದೆ.

ಇಬ್ಬನಿಯಿಂದ ಬೀಳುವ ನೀರು ಒಂದು ರಾತ್ರಿಗೆ ಮಿಲಿಮೀಟರಿನ ಕೆಲವು ಹತ್ತನೆಯ ಭಾಗಗಳು ಮಾತ್ರ. ಅದು ಸಿಪ್ಪೆಯ ಮೇಲಷ್ಟೇ ಉಳಿದು ಬೆಳಗಿನ ಬಿಸಿಲಿಗೆ ಆರುತ್ತದೆ. ಮಳೆಯ ನೀರು ಹಾಗಲ್ಲ. ಅರ್ಧ ಒಣಗಿ ಸಿಪ್ಪೆ ಸುಕ್ಕಾದ ಅಡಿಕೆಯ ನಾರು ನೀರನ್ನು ಹೀರಿ ಒಳಗೆ ಹಿಡಿದಿಡುತ್ತದೆ. ಬೆಚ್ಚಗಿನ ತೇವದಲ್ಲಿ ಬೂಷ್ಟು ಬೆಳೆದು ಒಳಗಿನ ಅಡಿಕೆಯ ಬಣ್ಣ ಕೆಡುತ್ತದೆ. ಸುಲಿದಾಗ ಪಟೋರ, ಉಳ್ಳಿ, ಕೋಕ, ಕರಿಗೋಟುಗಳ ಪಾಲು ಹೆಚ್ಚುತ್ತದೆ. ತೂಕದಲ್ಲಿ ಅಷ್ಟೇನೂ ನಷ್ಟವಿರುವುದಿಲ್ಲ. ನಷ್ಟವಾಗುವುದು ದರ್ಜೆಯಲ್ಲಿ, ಅಂದರೆ ಬೆಲೆಯಲ್ಲಿ. ಅಡಿಕೆಯ ಕೆಲವು ಬೂಷ್ಟುಗಳು ವಿಷವಸ್ತುವನ್ನೂ ಉಂಟುಮಾಡುವುದರಿಂದ ಇದು ತಿನ್ನುವವರ ಆರೋಗ್ಯದ ಪ್ರಶ್ನೆಯೂ ಹೌದು.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರವು ಮಳೆಮಾಪನದಂತಹ ಹವಾಮಾನದ ಅಂಕಿಗಳ ಮೇಲೆ ನಿಂತಿರುತ್ತದೆ. ಒಬ್ಬೊಬ್ಬರ ಅಂಗಳದಲ್ಲಿ ಎಷ್ಟು ಅಡಿಕೆ ಕೆಟ್ಟಿತೆಂದು ಅದು ಅಳೆಯುವುದಿಲ್ಲ. ಆದ್ದರಿಂದ ಅಂಗಳವನ್ನು ಕಾಯುವ ಹೊಣೆ ಬೆಳೆಗಾರರದ್ದೇ. ಈ ಕೆಳಗಿನ ಕ್ರಮಗಳು ಸಹಾಯಕವಾಗುತ್ತವೆ.

ಅಂಗಳಕ್ಕೆ ಒಂದು ಕಡೆಗೆ ಇಳಿಜಾರು ಇರಲಿ. ಸುತ್ತಲೂ ಚಿಕ್ಕ ಕಣಿ ತೆಗೆದು, ಹೊರಗಿನ ನೀರು ಒಳಗೆ ಬಾರದಂತೆ ಮಾಡಬೇಕು. ಮೇಲೆ ಮುಚ್ಚಿದ ಟರ್ಪಾಲಿನ ಅಡಿಯಲ್ಲಿ ನೀರು ಹರಿದು ಬಂದು ಅಡಿಕೆ ನೆನೆಯುವುದೇ ಹೆಚ್ಚು.

ಒಂದೇ ಬಾರಿಗೆ ಇಡೀ ತೋಟದ ಗೊನೆ ತೆಗೆಯುವ ಬದಲು, ಮುಚ್ಚಲು ಟರ್ಪಾಲ್ ಮತ್ತು ಎಳೆಯಲು ಕೈ ಎಷ್ಟಿವೆಯೋ ಅಷ್ಟನ್ನೇ ಕೊಯ್ಯಿಸುವುದು ಲೇಸು. ಪ್ರತಿ ಕೊಯ್ಲಿನ ಅಡಿಕೆಯನ್ನು ಬೇರೆ ಬೇರೆಯಾಗಿ ಹರಡಬೇಕು. ಮಳೆ ಬಂದರೆ ಮೊದಲು ಮುಚ್ಚಬೇಕಾದದ್ದು ಪೂರ್ತಿ ಒಣಗುತ್ತ ಬಂದ ಮತ್ತು ಅರ್ಧ ಒಣಗಿದ ಅಡಿಕೆಯನ್ನು. ಆಗತಾನೆ ಹಾಕಿದ ಹಣ್ಣಡಿಕೆಯ ಸಿಪ್ಪೆ ಇನ್ನೂ ಗಟ್ಟಿಯಿರುವುದರಿಂದ ಅದನ್ನು ಕೊನೆಗೆ ಮುಚ್ಚಿದರೂ ನಡೆಯುತ್ತದೆ.

ರಾಶಿ ಮಾಡಿ ಮುಚ್ಚಿದ ಅಡಿಕೆಯನ್ನು ಮಳೆ ಬಿಟ್ಟ ಕೂಡಲೇ ಬಿಚ್ಚಬೇಕು. ಹಸಿ ರಾಶಿ ಒಳಗಿಂದ ಬಿಸಿಯೇರುತ್ತದೆ. ಮೋಡ ಮುಂದುವರಿದರೆ ಜಗಲಿ, ಕೊಟ್ಟಿಗೆಯ ಅಟ್ಟ ಅಥವಾ ಮಾಡಿನ ಅಡಿಯಲ್ಲಿ ತೆಳುವಾಗಿ ಹರಡಿ ಗಾಳಿಯಾಡಿಸಬೇಕು. ವಿದ್ಯುತ್ ಪಂಖ ಬಳಸಿದರೂ ಸರಿಯೆ. ಕೊಬ್ಬರಿ ಗೂಡಿನಲ್ಲಿ ಒಣಗಿಸುವವರು ಹೊಗೆ ತಾಗದಂತೆ ನೋಡಿಕೊಳ್ಳಬೇಕು. ಹೊಗೆ ಹಿಡಿದ ಚಾಲಿಗೆ ಬಣ್ಣವೂ ವಾಸನೆಯೂ ಕೆಡುತ್ತದೆ.

ಅನುಕೂಲವಿರುವವರು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಕಟ್ಟಿಸಿಕೊಳ್ಳಬಹುದು. ಆದರೆ ಅದರ ಎರಡೂ ಬದಿಗಳಲ್ಲಿ ಗಾಳಿ ಹೊರಹೋಗಲು ದಾರಿ ಬಿಡಲೇಬೇಕು. ಪೂರ್ತಿ ಮುಚ್ಚಿದ ಗೂಡಿನಲ್ಲಿ ಅಡಿಕೆಯ ನೀರೇ ಛಾವಣಿಗೆ ತಾಗಿ ರಾತ್ರಿ ಮತ್ತೆ ಅಡಿಕೆಯ ಮೇಲೆ ತೊಟ್ಟಿಕ್ಕುತ್ತದೆ.

ಗುಡುಗು ಕೇಳಿಸಿದ ಕೂಡಲೇ ಗೊನೆ ಕೊಯ್ಲನ್ನು ನಿಲ್ಲಿಸಬೇಕು. ಒದ್ದೆ ಮರ ಹತ್ತಿಸಬಾರದು. ಲೋಹದ ದೋಟಿಯನ್ನು ಕೆಳಗಿಟ್ಟು ಮನೆಯೊಳಗೆ ಸೇರಬೇಕು. ಯಾವ ದರ್ಜೆಯ ಅಡಿಕೆಯೂ ಕೊಯ್ಯುವವನ ಜೀವಕ್ಕಿಂತ ದೊಡ್ಡದಲ್ಲ.

ತೋಟ ಮತ್ತು ಗದ್ದೆಯ ಬೆಳೆಗಳು

ಅಡಿಕೆ ಮರಗಳಿಗೆ ನವೆಂಬರ್-ಡಿಸೆಂಬರದಲ್ಲಿ 7-8 ದಿನಗಳಿಗೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಗಳಿಗೊಮ್ಮೆ, ಮರವೊಂದಕ್ಕೆ ಸುಮಾರು 175ರಿಂದ 200 ಲೀಟರ್ ನೀರು ಕೊಡುವುದು ಶಿಫಾರಸು. ಹತ್ತು ಮಿಲಿಮೀಟರ್ ಮಳೆ ಬಂದಿತೆಂದು ಇಡೀ ವಾರ ನೀರು ನಿಲ್ಲಿಸುವುದು ಸರಿಯಲ್ಲ, ಏಕೆಂದರೆ ಅದು ಮೇಲ್ಮಣ್ಣನ್ನಷ್ಟೇ ನೆನೆಸಿರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ತೋಟದ ನೈಋತ್ಯ ಅಂಚಿನ ಮರಗಳ ಕಾಂಡಕ್ಕೆ ಸಂಜೆಯ ಬಿಸಿಲು ತಾಗಿ ಸುಡುತ್ತದೆ. ಮುಂದೆ ಆ ಭಾಗ ಒಡೆದು ಮರ ಗಾಳಿಗೆ ಮುರಿಯುತ್ತದೆ. ಅಂತಹ ಕಾಂಡಗಳಿಗೆ ಅಡಿಕೆ ಸೋಗೆ ಅಥವಾ ಹಾಳೆಯನ್ನು ಕಟ್ಟಬೇಕು. ಘಟ್ಟದ ಬುಡದ ತೋಟಗಳಲ್ಲಿ ತಂಪು ಮತ್ತು ಒದ್ದೆ ಸೇರಿದಾಗ ಎಲೆಚುಕ್ಕಿ ರೋಗ ಹರಡುತ್ತದೆ. ರೋಗ ಬಲಿತ ಕೆಳಗಿನ ಸೋಗೆಗಳನ್ನು ತೆಗೆದು ಸುಡುವುದು ಮೊದಲ ಕೆಲಸ.

ಗೇರು ಚಿಗುರಿ ಹೂಬಿಡುವುದು ಇದೇ ಸಮಯದಲ್ಲಿ. ಮೋಡ ಕವಿದ ದಿನಗಳ ಹಿಂದೆ ಟೀ ಸೊಳ್ಳೆಯ ಬಾಧೆ ಹೆಚ್ಚುವುದನ್ನು ಬೆಳೆಗಾರರು ಬಲ್ಲರು. ಚಿಗುರು ಮತ್ತು ಹೂಗೊಂಚಲು ಕರಟುವುದು ಕಂಡರೆ ಲಾಂಬ್ಡಾ ಸೈಹಲೋತ್ರಿನ್ ಶೇ. 5ರ ಕೀಟನಾಶಕವನ್ನು ಲೀಟರ್ ನೀರಿಗೆ 0.6 ಮಿ.ಲೀ. ಬೆರೆಸಿ ಸಿಂಪಡಿಸಬಹುದು. ಜೇನ್ನೊಣಗಳು ಹೂವಿಗೆ ಬರುವ ಬೆಳಗಿನ ಹೊತ್ತನ್ನು ಬಿಟ್ಟು ಸಂಜೆ ಸಿಂಪಡಿಸಬೇಕು. ಮಳೆಯ ಮುನ್ಸೂಚನೆ ಇದ್ದರೆ ಒಂದೆರಡು ದಿನ ಕಾಯಬೇಕು. ಮಾವಿನ ಹೂವಿಗೆ ಬೂದಿರೋಗ ಕಂಡಲ್ಲಿ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂ ಹಾಕಬೇಕು. ಎಲೆ ಉದುರಿ ಹೊಸ ಚಿಗುರು ಬರುತ್ತಿರುವ ರಬ್ಬರಿಗೂ ಮಂಜು ಮತ್ತು ಮೋಡ ಸೇರಿದರೆ ಬೂದಿರೋಗ ತಗಲುತ್ತದೆ. ಗಾಳಿಯಿಲ್ಲದ ಬೆಳಗಿನ ಜಾವದಲ್ಲಿ ಗಂಧಕದ ಹುಡಿಯನ್ನು ಧೂಳೀಕರಿಸುವುದು ಇದಕ್ಕೆ ರೂಢಿಯ ಕ್ರಮ.

ಗದ್ದೆಗಳಲ್ಲಿ ಏಣೆಲು ಕೊಯ್ಲಾದ ಮೇಲೆ ಸುಗ್ಗಿ ಬೆಳೆ ನಿಂತಿರುತ್ತದೆ. ಕದಿರು ಹೊಟ್ಟೆಯಲ್ಲಿರುವಾಗ ರಾತ್ರಿಯ ಚಳಿ ಹೆಚ್ಚಿದರೆ ಜೊಳ್ಳು ಹೆಚ್ಚುವುದುಂಟು. ಇಂತಹ ದಿನಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಬುಡ ಬೆಚ್ಚಗಿರುತ್ತದೆ. ಇಬ್ಬನಿ ಹೆಚ್ಚಿರುವಲ್ಲಿ ಕುತ್ತಿಗೆ ಬೆಂಕಿರೋಗದ ಭಯವಿರುವುದರಿಂದ ಯೂರಿಯಾವನ್ನು ಒಮ್ಮೆಗೇ ಸುರಿಯಬಾರದು. ಉಳಿದ ತೇವದಲ್ಲಿ ಬೆಳೆಯುವ ಉದ್ದು ಮತ್ತು ಹೆಸರಿಗೆ ಒಂದು ಹಗುರ ಮಳೆ ಒಳ್ಳೆಯದೇ. ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬದುವಿಗೆ ಮೊದಲೇ ಬಾಯಿ ತೆರೆದಿರಬೇಕು.

ನೆನಪಿಡಬೇಕಾದ ಅಂಶಗಳು

1. ಈ ಮೂರು ತಾಲೂಕುಗಳಿಗೆ ಹಿಮದ ಭಯವಿಲ್ಲ. ಭಯವಿರುವುದು ಅಂಗಳ ತುಂಬಿರುವಾಗ ಬರುವ ಹಗುರ ಮಳೆಯಿಂದ.
2. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂದಂದೇ ಟರ್ಪಾಲ್ ಬಿಚ್ಚಿ ತೂತುಗಳನ್ನು ನೋಡಿಕೊಳ್ಳಬೇಕು.
3. ಇಬ್ಬನಿಯಿಲ್ಲದ ಸೆಕೆಯ ಬೆಳಗ್ಗೆ ಗೊನೆ ಕೊಯ್ಯಿಸುವ ಮೊದಲು ಮುನ್ಸೂಚನೆಯನ್ನು ನೋಡಬೇಕು.
4. ಅರ್ಧ ಒಣಗಿದ ಅಡಿಕೆಗೆ ಮೊದಲ ಹೊದಿಕೆ. ಮಳೆ ಬಿಟ್ಟ ಕೂಡಲೇ ರಾಶಿ ಬಿಚ್ಚಬೇಕು.
5. ಸಿಂಪರಣೆ ಮತ್ತು ಗೊಬ್ಬರ ಹಾಕುವ ದಿನವನ್ನು ಐದು ದಿನಗಳ ಮುನ್ಸೂಚನೆ ನೋಡಿ ನಿಶ್ಚಯಿಸಬೇಕು.

ಬೆಳೆಸಲು ವರ್ಷವಿಡೀ ದುಡಿದು, ಒಣಗಿಸುವ ನಲವತ್ತು ದಿನಗಳಲ್ಲಿ ಕಣ್ಣು ತಪ್ಪಿದರೆ ಆ ದುಡಿಮೆಯ ಬೆಲೆ ಇಳಿಯುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲಿ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಅಡಿಕೆಯ ವಿಷಯದಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.