ಅಂಗಳದಲ್ಲೇ ನಕ್ಷೆಯ ಪಾಠ



ಜಮೀನಿನ ನಕ್ಷೆ ಕೈಗೆ ಬಂದರೆ ಅದನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕೆಂದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಈ ಬೇಸಗೆಯಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಬದುವಿಗಾಗಿ ಜಗಳವಾಡುವುದನ್ನು ಕಂಡೆ. ನಕ್ಷೆ ಇಬ್ಬರಲ್ಲೂ ಇತ್ತು. ಓದಲು ಇಬ್ಬರಿಗೂ ಬಾರದು. ಮೂರನೆಯವನ ಮಾತನ್ನೇ ನಂಬಬೇಕಾಯಿತು. ನಿಮ್ಮ ಮಕ್ಕಳಿಗೆ ಹೀಗಾಗಬಾರದೆಂದರೆ ಈ ವಿದ್ಯೆಯನ್ನು ಎಳವೆಯಲ್ಲೇ ಕಲಿಸಿರಿ. ಇದಕ್ಕೆ ಖರ್ಚಿಲ್ಲ.

ಮೊದಲನೆಯದು ದಿಕ್ಕು. ಬೆಳಿಗ್ಗೆ ಮಗುವನ್ನು ಮೂಡುವ ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿರಿ. ಮುಂದೆ ಮೂಡಲು, ಬೆನ್ನಿಗೆ ಪಡುವಲು, ಎಡಕ್ಕೆ ಬಡಗಲು, ಬಲಕ್ಕೆ ತೆಂಕಲು. “ಕೊಟ್ಟಿಗೆ ಮನೆಯ ಯಾವ ಕಡೆಗಿದೆ? ಮನೆಗೂ ಬಾವಿಗೂ ನಡುವೆ ಏನಿದೆ?” ಎಂದು ದಿನವೂ ಕೇಳುತ್ತಿರಿ.

ಎರಡನೆಯದು ಗುರುತು. ಅಂಗಳದ ನೆಲದ ಮೇಲೆ ಸೀಮೆಸುಣ್ಣದಿಂದ ನಿಮ್ಮ ಮನೆಯ ಗೋಡೆಗಳ ಗೆರೆ ಎಳೆಯಿರಿ. ಒಲೆಯ ಜಾಗದಲ್ಲಿ ಒಂದು ಕಲ್ಲು, ಬಾಗಿಲಿನ ಜಾಗದಲ್ಲಿ ಒಂದು ಕಡ್ಡಿ ಇಡಿರಿ. ಮೂರು ವರ್ಷ ತುಂಬಿದ ಹೆಚ್ಚಿನ ಮಕ್ಕಳು ‘ಈ ಕಲ್ಲೆಂದರೆ ನಮ್ಮ ಒಲೆ’ ಎಂಬುದನ್ನು ಗ್ರಹಿಸಬಲ್ಲರು. ಮನೆಯೊಳಗೆ ಒಂದು ಬೆಲ್ಲದ ಚೂರನ್ನು ಬಚ್ಚಿಟ್ಟು, ನಕ್ಷೆಯಲ್ಲಿ ಆ ಜಾಗಕ್ಕೆ ಹೂವಿಡಿರಿ. ಮಗು ಹೂವನ್ನು ನೋಡಿ ಬೆಲ್ಲವನ್ನು ಹುಡುಕಲಿ. ಆದರೆ ನಕ್ಷೆಯ ಮೂಡಲು ನಿಜವಾದ ಮೂಡಲಿಗೇ ಇರಬೇಕು. ತಿರುಗಿದ ನಕ್ಷೆ ಎಳೆಯರನ್ನು ಗಲಿಬಿಲಿಗೊಳಿಸುತ್ತದೆ.

ಮೂರನೆಯದು ಅಳತೆ. ಶಾಲೆಗೆ ಹೋಗುವ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಹಗ್ಗ ಹಿಡಿದು 33 ಅಡಿ ಉದ್ದ, 33 ಅಡಿ ಅಗಲ ಅಳೆದರೆ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಹತ್ತು ಹೆಜ್ಜೆಗೆ ಒಂದು ಅಂಗುಲವೆಂದು ಇಟ್ಟುಕೊಂಡು ಕಾಗದದ ಮೇಲೆ ಹೊಲವನ್ನು ಬರೆಯಿಸಿರಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿ ಭೂಮಿಗೆ ಹಳದಿ ಬಣ್ಣವುಂಟು. ಮಕ್ಕಳೂ ಅದನ್ನೇ ಬಳಸಲಿ. ಕಟ್ಟೆಯಿಲ್ಲದ ಬಾವಿಯ ಸುತ್ತ ಮಾತ್ರ ಕೆಂಪು ಗೆರೆ ಹಾಕಿಸಿ, ಅಲ್ಲಿಗೆ ಒಬ್ಬರೇ ಹೋಗಬಾರದೆಂದು ತಿಳಿಸಿರಿ.

ಈ ಆಟಕ್ಕೆ ಹೆಣ್ಣುಮಕ್ಕಳನ್ನೂ ಕೂರಿಸಿಕೊಳ್ಳಿರಿ. ಜಮೀನಿನಲ್ಲಿ ಅವರಿಗೂ ಪಾಲುಂಟು. ಹೀಗೆ ಕಲಿತವರು ಮುಂದೆ ನಕ್ಷೆ ಹಿಡಿದು ಹೊಲದಲ್ಲಿ ನಿಂತಾಗ, ಬಾಂದುಕಲ್ಲು ಯಾವ ಕಡೆಗಿದೆಯೆಂದು ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ. ನಾಳೆ ಬೆಳಿಗ್ಗೆಯೇ ಸೂರ್ಯನ ಕಡೆಗೆ ಮುಖ ಮಾಡಿಸಿ ಆರಂಭಿಸಿರಿ.