ನಿಮಗಿದು ಗೊತ್ತೆ? ಕಡಿಮೆಯಾದದ್ದು ಜನವೋ, ಜಾಗವೋ?

ದೇವಸುಗೂರಿನ ಸೂಗೂರೇಶ್ವರ ಜಾತ್ರೆಯ ತೇರಿಗೆ ಸೇರುವ ಜನಕ್ಕೆ ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. ಅಲ್ಲಿನ ಲೆಕ್ಕವೆಲ್ಲ ಕಣ್ಣಂದಾಜು. ಕ್ರೀಡಾಂಗಣದಲ್ಲಿ ತಲೆ ಎಣಿಸುತ್ತಾರೆ, ನಿಜ. ಆದರೆ ಆ ಅಂಕಿಯೂ ತಾನಾಗಿ ಎಲ್ಲವನ್ನೂ ಹೇಳುವುದಿಲ್ಲ.

ತಂಡಕ್ಕೆ 13 ಮಂದಿ ಆಡುವ ರಗ್ಬಿ ಲೀಗನ್ನೇ ನೋಡಿ. 1999ರಲ್ಲಿ ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯಾ ಲೀಗಿನ ಫೈನಲ್‌ಗೆ 1,07,999 ಪ್ರೇಕ್ಷಕರು ಬಂದಿದ್ದರು. ಮುಂದಿನ ವರ್ಷಗಳಲ್ಲಿ ಅದೇ ಅಂಗಳದ ಫೈನಲ್‌ಗಳಲ್ಲಿ ಅಂಕಿ 83 ಸಾವಿರದ ಆಸುಪಾಸಿಗೆ ನಿಂತಿತು. ಆಟದ ಹುಚ್ಚು ಇಳಿಯಿತೆ? ಇಲ್ಲ. 2000ದ ಒಲಿಂಪಿಕ್ಸ್‌ಗೆಂದು ಕಟ್ಟಿದ್ದ ಕ್ರೀಡಾಂಗಣದ ಆಸನಗಳನ್ನೇ ಕೂಟದ ನಂತರ ತಗ್ಗಿಸಿದ್ದರು. ತುಂಬಿದ ಕೊಡ ತುಂಬಿದಂತೆಯೇ ಇತ್ತು, ಕೊಡ ಮಾತ್ರ ಚಿಕ್ಕದಾಗಿತ್ತು!

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದ, ಇದೇ ಆಟದ 1954ರ ಕಪ್ ಫೈನಲ್ ಮರುಪಂದ್ಯದ ಅಧಿಕೃತ ಲೆಕ್ಕ 1,02,569. ಬೇಲಿ ದಾಟಿ ಒಳನುಗ್ಗಿದವರು ಇದರಲ್ಲಿ ಸೇರಿಲ್ಲ.

ನಮ್ಮಲ್ಲೂ ಅಂಗಳ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ 2014ರಲ್ಲಿ ಅಶೋಕನಗರದ ಪುಟ್ಟ ಅಂಗಳ ಬಿಟ್ಟು ಕಂಠೀರವಕ್ಕೆ ಬಂತು. ಎರಡೂ ಕಡೆಯ ಪ್ರೇಕ್ಷಕರ ಸಂಖ್ಯೆಯನ್ನು ಹಾಗೆಯೇ ಹೋಲಿಸುವುದು ಅನ್ಯಾಯ. ಕೋಲ್ಕತ್ತದ ಈಡನ್ ಗಾರ್ಡನ್ಸ್ ಕೂಡ 2011ರ ವಿಶ್ವಕಪ್‌ಗೆ ನವೀಕರಣಗೊಂಡಾಗ ಆಸನ ಕಳೆದುಕೊಂಡಿತು.

ಇನ್ನು ಮುಂದೆ ‘ಪ್ರೇಕ್ಷಕರು ಕಡಿಮೆ’ ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಆಸನ ಎಷ್ಟಿತ್ತು? ಎಣಿಸಿದ್ದು ಬಂದವರನ್ನೋ, ಮಾರಿದ ಟಿಕೆಟ್‌ಗಳನ್ನೋ? ಅಂದು ಮಳೆ ಇತ್ತೆ?